ಪದ ಪರಿಚಯ: ಜೀನ್ ಕುಟುಂಬ ಮತ್ತು ಸ್ಪ್ಲೈಸಿಂಗ್

ಒಂದು ಜೀನ್ ನಕಲಾಗಿ, ನಕಲುಗಳು ಕ್ರಮೇಣ ತಮ್ಮ ತಮ್ಮ ದಾರಿ ಹಿಡಿದರೆ ಆ ಗುಂಪೇ ಜೀನ್ ಕುಟುಂಬ. ಆಲೂಗಡ್ಡೆ, ಟೊಮೆಟೊಗೆ ಅಂಗಮಾರಿ ತರುವ ಫೈಟಾಫ್ಥೊರಾ ಇನ್‌ಫೆಸ್ಟಾನ್ಸ್‌ನಲ್ಲಿ (ಬೂಷ್ಟಿನಂತೆ ಕಂಡರೂ ಇದು ಶಿಲೀಂಧ್ರವಲ್ಲ, ಊಮೈಸೀಟ್ ಎಂಬ ಬೇರೆಯೇ ಜೀವಿಗುಂಪಿನದು) ಇಂಥ ಕುಟುಂಬಗಳು ವಿಪರೀತ ಬೆಳೆದಿವೆ. 2009ರಲ್ಲಿ ಪ್ರಕಟವಾದ ಇದರ ಜೀನೋಮ್ (ಇಡೀ ಡಿಎನ್‌ಎ) ಸುಮಾರು 24 ಕೋಟಿ ಬೇಸ್, ಅಂದರೆ ಡಿಎನ್‌ಎ ಅಕ್ಷರ, ಉದ್ದ. ಮುಕ್ಕಾಲು ಪಾಲು ಬರೀ ಪುನರಾವರ್ತನೆ. ಈ ಜೀನೋಮಿನಲ್ಲಿ ಎಣಿಸಿದ ಆರ್‌ಎಕ್ಸ್‌ಎಲ್‌ಆರ್ ಜೀನ್‌ಗಳು 563. ಅರ್ಜಿನೀನ್, ಯಾವುದಾದರೊಂದು ಅಮೈನೊ ಆಮ್ಲ, ಲ್ಯೂಸೀನ್, ಮತ್ತೆ ಅರ್ಜಿನೀನ್: ಪ್ರೋಟೀನಿನ ಮುಂಭಾಗದ ಈ ಸಾಲಿನಿಂದಲೇ ಆ ಹೆಸರು. ಈ ಪ್ರೋಟೀನುಗಳು ಎಲೆಯ ಕೋಶದೊಳಗೆ ಸೇರಿಕೊಂಡು ಗಿಡದ ರಕ್ಷಣೆಯನ್ನು ಕೆಡಿಸುತ್ತವೆ.

ಸ್ಪ್ಲೈಸಿಂಗ್ ಅಂದರೆ ಆರ್‌ಎನ್‌ಎಯಿಂದ (ಜೀನಿನ ಪ್ರತಿ) ನಡುವಿನ ಇಂಟ್ರಾನ್ ತುಂಡುಗಳನ್ನು ಕತ್ತರಿಸಿ ತೆಗೆದು, ಉಳಿಯುವ ತುಂಡುಗಳಾದ ಎಕ್ಸಾನ್‌ಗಳನ್ನು ಜೋಡಿಸುವುದು. ಇಂಟ್ರಾನ್ ಸಾಮಾನ್ಯವಾಗಿ ಜಿಯು ಅಕ್ಷರಗಳಿಂದ ಶುರುವಾಗಿ ಎಜಿಯಲ್ಲಿ ಮುಗಿಯುತ್ತದೆ. ಲೆಕ್ಕ ಹಾಕಿ ನೋಡಿ: 74 ಬೇಸಿನ ಇಂಟ್ರಾನ್ ಕತ್ತರಿಸದೆ ಉಳಿಯಿತು ಅಂದುಕೊಳ್ಳಿ. ಮೂರರಿಂದ ಭಾಗಿಸಿದರೆ ಶೇಷ 2. ಅಲ್ಲಿಂದಾಚೆ ಕೋಡಾನ್‌ಗಳೆಲ್ಲ (ಒಂದೊಂದು ಅಮೈನೊ ಆಮ್ಲ ಸೂಚಿಸುವ ಮೂರು ಬೇಸಿನ ಗುಂಪುಗಳು) ಜರುಗಿ, ಸಾಮಾನ್ಯವಾಗಿ ಸ್ವಲ್ಪ ದೂರದಲ್ಲೇ ‘ಇಲ್ಲಿಗೆ ನಿಲ್ಲಿಸು’ ಎನ್ನುವ ಸ್ಟಾಪ್ ಕೋಡಾನ್ ಎದುರಾಗಿ ಪ್ರೋಟೀನ್ ಮೊಟಕಾಗುತ್ತದೆ. ಅದೇ 75 ಬೇಸ್ ಇದ್ದು, ನಡುವೆ ಸ್ಟಾಪ್ ಇಲ್ಲದಿದ್ದರೆ 25 ಅಮೈನೊ ಆಮ್ಲ ಹೆಚ್ಚಿಗೆ ಸೇರುತ್ತವೆ, ಅಷ್ಟೆ.

ತಮಾಷೆಯೆಂದರೆ, ಹೆಚ್ಚಿನ ಆರ್‌ಎಕ್ಸ್‌ಎಲ್‌ಆರ್ ಜೀನ್‌ಗಳಲ್ಲಿ ಇಂಟ್ರಾನೇ ಇಲ್ಲ. ಜೀನ್ ಊಹಿಸುವ ಸಾಫ್ಟ್‌ವೇರ್ ಇಲ್ಲದ ಇಂಟ್ರಾನನ್ನು ತುರುಕಿ ಮುಂಭಾಗವನ್ನೇ ಕತ್ತರಿಸಿದರೆ ಆ ಸದಸ್ಯ ಕುಟುಂಬದ ಪಟ್ಟಿಯಿಂದ ಬಿದ್ದುಹೋಗುತ್ತದೆ. ಅದಕ್ಕೇ ಸಾಫ್ಟ್‌ವೇರ್ ಕೊಟ್ಟ ಪಟ್ಟಿಯನ್ನಷ್ಟೇ ನಂಬದೆ, ಡಿಎನ್‌ಎಯನ್ನು ಆರೂ ಫ್ರೇಮುಗಳಲ್ಲಿ (ಎರಡೂ ಎಳೆಗಳಲ್ಲಿ ಮೂರು ಮೂರು ಬಗೆಯಲ್ಲಿ ಓದಿ) ಅನುವಾದಿಸಿ, ಮೊದಲು ಸಿಗ್ನಲ್ ಪೆಪ್ಟೈಡ್ (ಪ್ರೋಟೀನನ್ನು ಕೋಶದಿಂದ ಹೊರಗೆ ಕಳಿಸುವ ಗುರುತು), ಆಮೇಲೆ ಆರ್‌ಎಕ್ಸ್‌ಎಲ್‌ಆರ್ ಸಾಲು ಇದೆಯೇ ಎಂದು ಹುಡುಕಬೇಕು.

ಇಂಟ್ರಾನ್ ಇದೆ ಎನಿಸಿದರೆ ಅದರ ಎರಡೂ ಬದಿಯ ಎಕ್ಸಾನ್‌ಗಳಲ್ಲಿ ಪ್ರೈಮರ್ (ನಕಲು ಶುರುಮಾಡುವ ಚಿಕ್ಕ ಡಿಎನ್‌ಎ ತುಂಡು) ಇಟ್ಟು ಆರ್‌ಟಿ-ಪಿಸಿಆರ್ ಮಾಡಿ, ಅಂದರೆ ಆರ್‌ಎನ್‌ಎಯನ್ನು ಡಿಎನ್‌ಎ ಆಗಿಸಿ ಹೆಚ್ಚಿಸಿ. ಕತ್ತರಿಸಿದ ರೂಪ 200 ಬೇಸಿನ ಬ್ಯಾಂಡ್ ಕೊಟ್ಟರೆ, ಮೇಲಿನ 74 ಬೇಸಿನ ಇಂಟ್ರಾನ್ ಕತ್ತರಿಸದ್ದು 274. ಎಡವುವುದು ಇಲ್ಲೇ: ಅಳಿದುಳಿದ ಡಿಎನ್‌ಎಯೂ ಅದೇ 274 ಕೊಡುತ್ತದೆ. ಡಿಎನ್‌ಎ ಕರಗಿಸುವ ಡಿಎನ್‌ಏಸ್ ಹಾಕಿದ ಮೇಲೂ, ಆರ್‌ಎನ್‌ಎಯನ್ನು ಡಿಎನ್‌ಎ ಆಗಿಸುವ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಇಲ್ಲದ ಒಂದು ಟ್ಯೂಬನ್ನು ಜೊತೆಗೆ ಓಡಿಸಿ. ಅದರಲ್ಲೂ ಬ್ಯಾಂಡ್ ಬಂದರೆ ಫಲಿತಾಂಶ ಬಿಸಾಡುವುದೇ ಸರಿ. ಸೀಕ್ವೆನ್ಸಿಂಗ್‌ನಲ್ಲಿ ಬೇರೆಯೇ ಕಾಟ. 150 ಬೇಸಿನ ರೀಡ್ (ಯಂತ್ರ ಒಮ್ಮೆಗೆ ಓದಿದ ತುಂಡು) ಕುಟುಂಬದ ಒಂದೇ ತೆರನ ಎರಡು ಸದಸ್ಯರಿಗೂ ಹೊಂದಿಕೊಂಡು, ಯಾರದ್ದೆಂದು ತಿಳಿಯದೆ ಹೋಗುತ್ತದೆ. ಆಗ ಉದ್ದ ರೀಡ್‌ಗಳೇ ಬೇಕು.

ರೋಗಾಣು ಗಿಡದ ಸ್ಪ್ಲೈಸಿಂಗಿಗೂ ಕೈ ಹಾಕುತ್ತದೆ. ಸೋಯಾಬೀನಿನ ಫೈಟಾಫ್ಥೊರಾ ಸೋಜೆಯ ಪಿಎಸ್‌ಎವಿಆರ್3ಸಿ ಪ್ರೋಟೀನ್, ಗಿಡದ ಎಸ್‌ಕೆಆರ್‌ಪಿ ಪ್ರೋಟೀನಿಗೆ ಅಂಟಿಕೊಂಡು ಗಿಡದ ಆರ್‌ಎನ್‌ಎ ಕತ್ತರಿಸುವ ರೀತಿಯನ್ನೇ ಬದಲಿಸುತ್ತದೆ. ಆದ್ದರಿಂದ ಸೋಂಕಿತ ಎಲೆಯ ರೀಡ್‌ಗಳನ್ನು ಮೊದಲು ಗಿಡ, ರೋಗಾಣು ಎರಡರ ಜೀನೋಮ್‌ಗಳಿಗೂ ಹೊಂದಿಸಿ ಬೇರ್ಪಡಿಸಿಕೊಳ್ಳಬೇಕು. ಸೋಂಕಿನ ಆರಂಭದಲ್ಲಿ ಅವುಗಳಲ್ಲಿ ಹೆಚ್ಚಿನವು ಗಿಡದವೇ.