ಬುಡ ಇದ್ದಲ್ಲೇ, ತುದಿ ಎಲ್ಲೆಲ್ಲೋ: ಅಪೆಂಡಿಕ್ಸ್ ಹುಡುಕಾಟದ ಹಿನ್ನೆಲೆ

ಹೊಟ್ಟೆಯ ಬಲಭಾಗದ ಕೆಳಗೆ ಕೀವುಗಟ್ಟಿದರೆ ತಪ್ಪು ಕುರುಡು ಕರುಳಿನದು (ಸೀಕಮ್, ಅಂದರೆ ಅಪೆಂಡಿಕ್ಸ್ ಅಂಟಿಕೊಂಡಿರುವ, ದೊಡ್ಡ ಕರುಳಿನ ಆರಂಭದ ಚೀಲ) ಎಂದೇ 19ನೇ ಶತಮಾನದ ಬಹುಪಾಲು ವೈದ್ಯರು ನಂಬಿದ್ದರು. ಕಾಯಿಲೆಯ ಹೆಸರೂ ‘ಟೈಫ್ಲೈಟಿಸ್’. ಗ್ರೀಕಿನಲ್ಲಿ ಟೈಫ್ಲೋಸ್ ಎಂದರೆ ಕುರುಡು. ಪ್ಯಾರಿಸ್ಸಿನ ವೈದ್ಯ ಮೆಲಿಯೆ 1827ರಲ್ಲೇ ಅಪೆಂಡಿಕ್ಸಿನತ್ತ ಬೊಟ್ಟು ಮಾಡಿದ್ದರೂ ಅಲ್ಲಿ ನಡೆಯುತ್ತಿದ್ದುದು ಕುರುಡು ಕರುಳನ್ನೇ ದೂರುತ್ತಿದ್ದ ಪ್ರಭಾವಿ ಶಸ್ತ್ರವೈದ್ಯ ದ್ಯುಪುಯಿತ್ರೆನನ ಮಾತು. ಬಾಸ್ಟನ್ನಿನ ವೈದ್ಯ ರೆಜಿನಾಲ್ಡ್ ಫಿಟ್ಜ್ 1886ರಲ್ಲಿ ‘ಅಪೆಂಡಿಸೈಟಿಸ್’ ಎಂದು ಹೆಸರಿಟ್ಟ ಮೇಲೆ ಲೆಕ್ಕ ತಿರುವುಮುರುವಾಯಿತು. ವಿಚಿತ್ರವೆಂದರೆ, ಅಪೆಂಡಿಕ್ಸನ್ನು ಕತ್ತರಿಸಿ ತೆಗೆದದ್ದು ಅದಕ್ಕೂ ಒಂದೂವರೆ ಶತಮಾನ ಹಿಂದೆ: 1735ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಕ್ಲಾಡಿಯಸ್ ಅಮ್ಯಾಂಡ್, 11 ವರ್ಷದ ಹುಡುಗನ ಹರ್ನಿಯಾದೊಳಗೆ ಗುಂಡುಸೂಜಿಯಿಂದ ತೂತಾಗಿದ್ದ ಅಪೆಂಡಿಕ್ಸ್ ಕಂಡಿದ್ದ.

ಹಸುಗೂಸಿನ ಕುರುಡು ಕರುಳು ಆಲಿಕೆಯಂತಿರುತ್ತದೆ, ಅಪೆಂಡಿಕ್ಸ್ ಅದರ ತುದಿಯಲ್ಲಿ. ಮಗು ಬೆಳೆದಂತೆ ಕುರುಡು ಕರುಳಿನ ಬಲಗೋಡೆ ಬೇಗ ಉಬ್ಬಿ ಅಪೆಂಡಿಕ್ಸಿನ ಬುಡವನ್ನು ಹಿಂದಕ್ಕೆ, ಒಳಮಗ್ಗುಲಿಗೆ ತಳ್ಳುತ್ತದೆ. ಬುಡ ಅಲ್ಲೇ ನಿಂತರೂ ತುದಿ ಎತ್ತ ಬೇಕಾದರೂ ಹೋದೀತು. ಬ್ರಿಟಿಷ್ ಶಸ್ತ್ರವೈದ್ಯ ವೇಕ್ಲಿ 1933ರಲ್ಲಿ 10,000 ಶವಗಳ ಲೆಕ್ಕ ಕೊಟ್ಟಾಗ ಸುಮಾರು 65% ಕುರುಡು ಕರುಳಿನ ಹಿಂದೆ, 31% ಕಿಬ್ಬೊಟ್ಟೆಯ ಕುಳಿಯಲ್ಲಿದ್ದವು. ಹಿಂದೆ ಅಡಗಿದ್ದರೆ ಹೊಟ್ಟೆ ಒತ್ತಿದಾಗ ನೋವು ಕಡಿಮೆ, ಬಲತೊಡೆ ಹಿಂದಕ್ಕೆ ಎಳೆದಾಗ ಜಾಸ್ತಿ. ಕುಳಿಗೆ ಇಳಿದಿದ್ದರೆ ಭೇದಿ, ಉರಿಮೂತ್ರದಂತೆ ಕಂಡು ದಾರಿ ತಪ್ಪಿಸುತ್ತದೆ. ಭ್ರೂಣದಲ್ಲಿ ಕುರುಡು ಕರುಳು ಕೆಳಗಿಳಿಯದೆ ಯಕೃತ್ತಿನ ಅಡಿಯಲ್ಲೇ ಉಳಿದವರ ನೋವು ಪಿತ್ತಕೋಶದ್ದೆಂದೇ ಅನಿಸುತ್ತದೆ. 1889ರಲ್ಲಿ ಅಮೆರಿಕದ ಶಸ್ತ್ರವೈದ್ಯ ಮ್ಯಾಕ್‌ಬರ್ನಿ ಗುರುತಿಸಿದ ನೋವಿನ ಬಿಂದು, ಬಲ ಸೊಂಟದ ಮೂಳೆಯ ಮುಂತುದಿಯಿಂದ ಹೊಕ್ಕುಳಿನತ್ತ ಮೂರನೇ ಒಂದು ದೂರ, ಇಂಥವರಲ್ಲಿ ಕೈಕೊಡುತ್ತದೆ.

ಕೈಕೊಡದ ಗುರುತು ಟೇನಿಯಾ. ದೊಡ್ಡ ಕರುಳಿನ ಮೇಲಿನ ಈ ಮೂರು ಸ್ನಾಯುಪಟ್ಟಿಗಳು ಬಂದು ಕೂಡುವುದೇ ಅಪೆಂಡಿಕ್ಸಿನ ಬುಡದಲ್ಲಿ. ಶಸ್ತ್ರಚಿಕಿತ್ಸೆ ಮಾಡುವವರು ಮುಂಭಾಗದ ಪಟ್ಟಿ ಹಿಡಿದು ಕೆಳಗಿಳಿಯಬೇಕು. ಅಪೆಂಡಿಕ್ಸಿನ ಪೊರೆಯೊಳಗಿನ ರಕ್ತನಾಳ ಕಟ್ಟಿ, ಬುಡ ಕಟ್ಟಿ ಕತ್ತರಿಸಬೇಕು. ತುದಿ ಹಿಂದೆ ಅಂಟಿಕೊಂಡಿದ್ದರೆ ಎಳೆದಾಡಬಾರದು, ಕರುಳು ಹರಿದೀತು: ಮೊದಲು ಬುಡ ಕತ್ತರಿಸಿ, ತುದಿಯತ್ತ ಬಿಡಿಸುತ್ತ ಹೋಗುವುದು ಕ್ಷೇಮ. ಬೇಕಾದರೆ ಕುರುಡು ಕರುಳಿನ ಹೊರಮಗ್ಗುಲಿನ ಪೊರೆ ಬಿಡಿಸಿ ಆ ಕರುಳನ್ನೇ ಮಗುಚಬೇಕು. ಜರ್ಮನಿಯ ಕೀಲ್‌ನಲ್ಲಿ ಕುರ್ಟ್ ಸೆಮ್ 1980ರಲ್ಲಿ ಲ್ಯಾಪರೊಸ್ಕೋಪಿಯಿಂದ (ಸಣ್ಣ ತೂತಿನ ಮೂಲಕ ದರ್ಶಕ ಕೊಳವೆ ಇಳಿಸಿ) ಅಪೆಂಡಿಕ್ಸ್ ತೆಗೆದ ಮೇಲೂ ಹುಡುಕುವ ದಾರಿ ಇದೇ.

ಊತದಲ್ಲಿ ಬುಡ ಸರಿಯಾಗಿ ಕಾಣದಿದ್ದಾಗ ಕತ್ತರಿಸಿದ ಮೇಲೆ ಮಿಕ್ಕ ಮೋಟು ಉದ್ದ ಉಳಿದುಬಿಡುತ್ತದೆ. ಅದು 5 ಮಿಲಿಮೀಟರ್ ಒಳಗಿರಬೇಕು. ಉದ್ದವಿದ್ದರೆ ವರ್ಷಗಳ ಮೇಲೂ ಅದೇ ಊದಿಕೊಳ್ಳಬಹುದು. ಆಗ ‘ಅಪೆಂಡಿಕ್ಸ್ ಆಗಲೇ ತೆಗೆದಿದ್ದಾರೆ’ ಎಂಬ ಮಾತು ಕೇಳಿ ವೈದ್ಯರು ಬೇರೆಡೆ ಹುಡುಕುತ್ತಾರೆ, ಅಷ್ಟರಲ್ಲಿ ಮೋಟು ಒಡೆದಿರಬಹುದು.