ಪರ್ಸೆಂಟ್ ಸರಿ, ಯಾವುದರ ಪರ್ಸೆಂಟ್?

ತಿಂಗಳಿಗೊಂದು ಶನಿವಾರ ಕ್ಲಿನಿಕ್ ಮುಚ್ಚಿದ್ಮೇಲೆ ಮಂಡ್ಯ, ಮದ್ದೂರು, ಪಾಂಡವಪುರದ ಏಳೆಂಟು ಡಾಕ್ಟರ್‌ಗಳು ನಮ್ಮನೇಲಿ ಸೇರಿ ಒಂದೊಂದು ಸ್ಟಡಿ ಓದ್ತೀವಿ. ದಿನಕ್ಕೆ ಎಂಬತ್ತು ಪೇಷೆಂಟ್ ನೋಡಿ ಸುಸ್ತಾದ ಮೇಲೂ ಬಸ್ ಹತ್ಕೊಂಡು ಬರ್ತಾರಲ್ಲ, ಅವರನ್ನ ಕಂಡ್ರೆ ನಂಗೆ ಪ್ರೀತಿ. ಆದ್ರೂ ಒಂದು ವಿಷಯಕ್ಕೆ ತಾಳ್ಮೆ ಕೆಡುತ್ತೆ.

ಔಷಧಿ ಕಂಪನಿ ರೆಪ್ ಕೊಟ್ಟ ಹಾಳೆ ಹಿಡ್ಕೊಂಡು "ಸಾರ್, ಹಾರ್ಟ್ ಅಟ್ಯಾಕ್ 50 ಪರ್ಸೆಂಟ್ ಕಮ್ಮಿ ಆಗುತ್ತಂತೆ" ಅಂತಾರೆ. ಯಾವುದರ 50? ಮಾತ್ರೆ ಕೊಡದೆ ಇದ್ರೆ ನೂರು ಜನದಲ್ಲಿ ಇಬ್ಬರಿಗೆ ಅಟ್ಯಾಕ್ ಆಗುತ್ತೆ, ಕೊಟ್ರೆ ಒಬ್ಬರಿಗೆ ಅನ್ಕೊಳಿ. ಎರಡು ಒಂದಾಯ್ತು, 50 ಪರ್ಸೆಂಟೇ, ಸುಳ್ಳಲ್ಲ. ಆದ್ರೆ ನೂರು ಜನ ನುಂಗಿ ಉಳ್ಕೊಂಡಿದ್ದು ಒಬ್ಬರು, 98 ಜನಕ್ಕೆ ಮಾತ್ರೆ ಇಲ್ದಿದ್ರೂ ಏನೂ ಆಗ್ತಿರ್ಲಿಲ್ಲ. ನೂರಕ್ಕೆ 40 ಜನಕ್ಕೆ ಬರೋದು 20ಕ್ಕೆ ಇಳಿದ್ರೂ ಅದೇ 50 ಪರ್ಸೆಂಟ್. ಎರಡೂ ಒಂದೇನಾ? ಪೂರ್ತಿ ಪೇಪರ್ ಓದೋಕೆ ಟೈಮ್ ಇಲ್ವಾ, ಬಿಡಿ, ಪಬ್‌ಮೆಡ್ ಅನ್ನೋ ವೈದ್ಯಕೀಯ ಸ್ಟಡಿಗಳ ವೆಬ್‌ಸೈಟ್‌ನಲ್ಲಿ ಸಾರಾಂಶ ಫ್ರೀಯಾಗಿ ಸಿಗುತ್ತೆ, ಮಾತ್ರೆ ತಗೊಂಡವರಲ್ಲಿ ನೂರಕ್ಕೆ ಎಷ್ಟು, ತಗೊಳ್ದೋರಲ್ಲಿ ಎಷ್ಟು, ಇವೆರಡನ್ನ ಚೀಟೀಲಿ ಬರ್ಕೊಳಿ.

2018ರ ಆಸ್ಪ್ರೀ ಸ್ಟಡಿ ನೋಡಿ. ಆಸ್ಟ್ರೇಲಿಯಾ, ಅಮೆರಿಕದ 19,114 ಜನ, ಹೆಚ್ಚಿನವರು 70 ದಾಟಿದವರು, ಹೃದಯದ ಕಾಯಿಲೆ ಇಲ್ಲದವರು. ಅರ್ಧ ಜನಕ್ಕೆ ದಿನಾ 100 ಮಿಲಿಗ್ರಾಂ ಆಸ್ಪಿರಿನ್, ಅಂದ್ರೆ ರಕ್ತ ಹೆಪ್ಪುಗಟ್ಟೋದನ್ನ ತಡೆಯೋ ಮಾತ್ರೆ, ಉಳಿದರ್ಧಕ್ಕೆ ಔಷಧಿ ಇಲ್ಲದ ಹುಸಿ ಮಾತ್ರೆ. ಐದು ವರ್ಷದ ಹತ್ತಿರ ಆದ್ರೂ ಹೃದಯಕ್ಕೆ ಹೇಳ್ಕೊಳ್ಳೋ ಲಾಭ ಕಾಣಲಿಲ್ಲ, ಜೋರು ರಕ್ತಸ್ರಾವ ಮಾತ್ರ ಆಸ್ಪಿರಿನ್ ತಗೊಳ್ದೋರಲ್ಲಿ ನೂರಕ್ಕೆ 2.8, ತಗೊಂಡೋರಲ್ಲಿ 3.8. ಸ್ಟಡಿಯವರ ಲೆಕ್ಕದಂತೆ 38 ಪರ್ಸೆಂಟ್ ಜಾಸ್ತಿ ಅಂದ್ರೆ ಜನ ಗಾಬರಿ ಬೀಳ್ತಾರೆ, ನೂರಕ್ಕೆ ಒಬ್ಬರು ಜಾಸ್ತಿ ಅಂದ್ರೆ ಲೆಕ್ಕ ಕೈಗೆ ಸಿಗುತ್ತೆ.

ಆ ಥರದ ಒಬ್ಬರನ್ನ ನಾನೇ ನೋಡಿದೀನಿ. ಮದ್ದೂರು ಕಡೆ ಅಜ್ಜಿ, 76 ವರ್ಷ, ಹೃದಯ ಗಟ್ಟಿ. ಯಾರೋ ಯಾವಾಗಲೋ "ಸೇಫ್ಟಿಗೆ ಇರ್ಲಿ" ಅಂತ ಬರೆದ ಆಸ್ಪಿರಿನ್, ಜೊತೆಗೆ ಮಂಡಿನೋವಿನ ಮಾತ್ರೆ. "ನಾಕು ಹೆಜ್ಜೆ ಹಾಕಿದ್ರೆ ಏದುಸಿರು ಕಣಪ್ಪ" ಅಂದ್ರು. ಕೆದಕಿ ಕೇಳಿದ್ಮೇಲೆ, ಕಕ್ಕಸು ಕೀಲೆಣ್ಣೆ ಥರ ಕಪ್ಪಗೆ ಹೋಗ್ತಿತ್ತಂತೆ, ಅಂದ್ರೆ ಹೊಟ್ಟೆಯೊಳಗೆ ರಕ್ತ ಸೋರ್ತಿತ್ತು. ಹಿಮೋಗ್ಲೋಬಿನ್ 6, ತೀರಾ ಕಮ್ಮಿ. ಎರಡು ಬಾಟ್ಲಿ ರಕ್ತ ಕೊಟ್ಟು ಉಳಿಸ್ಕೊಂಡ್ವಿ.

ಇದನ್ನ ಓದಿ ಯಾರೂ ಇವತ್ತು ರಾತ್ರಿನೇ ಮಾತ್ರೆ ನಿಲ್ಲಿಸ್ಬೇಡಿ. ಸ್ಟೆಂಟ್ ಹಾಕಿಸ್ಕೊಂಡೋರು, ಒಂದು ಸಲ ಅಟ್ಯಾಕ್ ಅಥವಾ ಸ್ಟ್ರೋಕ್ ಆದೋರ ಲೆಕ್ಕ ಬೇರೆ, ಅವರಿಗೆ ಅಪಾಯ ಮೊದಲೇ ಜಾಸ್ತಿ ಇರೋದ್ರಿಂದ ಆಸ್ಪಿರಿನ್ನಿಂದ ಆಗೋ ಉಪಕಾರನೂ ದೊಡ್ಡದು. ಹಳೇ ಚೀಟಿ ಎಲ್ಲಾ ತಗೊಂಡು ನಿಮ್ಮ ಡಾಕ್ಟರ್ ಹತ್ರ ಹೋಗಿ ಕೇಳಿ.