ಜುವೆನೈಲ್: ಬಣ್ಣ ಬಂದಿಲ್ಲ, ಲೆಕ್ಕ ಸಿಗುತ್ತದೆ

ಸಿಕ್ಲಿಡ್ ಅನ್ನುವ ಬಣ್ಣಬಣ್ಣದ ಸಿಹಿನೀರಿನ ಮೀನುಗಳನ್ನು ಸಾಕುವವರು ‘ಜುವೆನೈಲ್’ ಅನ್ನುವ ಪದವನ್ನು ಸಡಿಲವಾಗಿಯೇ ಬಳಸುತ್ತಾರೆ. ಒಂದೆರಡು ಇಂಚು ಉದ್ದ, ಮಾಸಲು ಮೈ, ಯಾವ ಜಾತಿಯೆಂದು ಹೇಳಲು ಬಾರದ ಮುಖ, ಅಂಥದ್ದೆಲ್ಲ ಜುವೆನೈಲ್. ಮೀನುಗಳನ್ನು ಅಧ್ಯಯನ ಮಾಡುವವರಿಗೆ ಮಾತ್ರ ಇದೊಂದು ಖಚಿತ ಘಟ್ಟ. ಆ ಖಚಿತ ಅರ್ಥ ತಿಳಿದರೆ ಒಂದೇ ಥರ ಕಾಣುವ ಮರಿಗಳನ್ನು ಬೇರೆ ಮಾಡುವ ಕೆಲಸ ಎಷ್ಟೋ ಹಗುರಾಗುತ್ತದೆ.

ಮೊಟ್ಟೆಯೊಡೆದ ಹೊಸದರಲ್ಲಿ ಮರಿ ಈಜುವುದಿಲ್ಲ. ಹೊಟ್ಟೆಗಂಟಿದ ಹಳದಿ ಚೀಲ ಹೊತ್ತು ಬಿದ್ದಲ್ಲೇ ಬಾಲ ಆಡಿಸುತ್ತಿರುತ್ತದೆ, ಅದು ರಿಗ್ಲರ್. ಚೀಲ ಕರಗಿ ಈಜಲು ಹೊರಟರೆ ಫ್ರೈ. ರೆಕ್ಕೆಗಳ ಮುಳ್ಳು, ಕಡ್ಡಿಗಳೆಲ್ಲ ಮೂಡಿ, ಮೈತುಂಬ ಹುರುಪೆ ಬಂದ ಮೇಲೆ ಜುವೆನೈಲ್. ಮೊಟ್ಟೆಯಿಟ್ಟು ಮರಿ ಮಾಡುವ ವಯಸ್ಸು ಬರುವವರೆಗೂ ಅದೇ ಹೆಸರು. ಅಂದರೆ ಎಣಿಸುವಂಥದ್ದೆಲ್ಲ ಈಗಾಗಲೇ ಬಂದಿದೆ, ಬಣ್ಣವೊಂದು ಬಾಕಿ. ಒಂದಿಂಚಿನಲ್ಲಿ ಎಷ್ಟು ಮುಳ್ಳೋ ಒಂದಡಿಯಲ್ಲೂ ಅಷ್ಟೇ. ನಾವೋ ಬಣ್ಣ ನೋಡುತ್ತ ಕೂತಿರುತ್ತೇವೆ.

ಬಣ್ಣ ಎಷ್ಟು ಮೋಸ ಮಾಡಬಲ್ಲದು ಅಂದರೆ, ಆಫ್ರಿಕಾದ ಟಾಂಗನೀಕಾ ಸರೋವರದ ಟ್ರೋಫಿಯಸ್ ಡುಬೊಯ್ಸಿಯ ಮರಿಗೆ ಕಪ್ಪು ಮೈಮೇಲೆ ನಕ್ಷತ್ರ ಚೆಲ್ಲಿದಂತೆ ಬಿಳಿ ಚುಕ್ಕೆ. ಬೆಳೆದ ಮೇಲೆ ಒಂದು ಚುಕ್ಕೆಯೂ ಉಳಿಯುವುದಿಲ್ಲ. ನೀಲಿ ತಲೆ, ನಡುವಿಗೊಂದು ತಿಳಿ ಪಟ್ಟಿ. ಅದೇ ಖಂಡದ ಮಲಾವಿ ಸರೋವರದ ಕೆನ್ಯಿ ಮರಿಗಳೆಲ್ಲ ನೀಲಿ; ಹೆಣ್ಣು ನೀಲಿಯಾಗಿಯೇ ಉಳಿದು ಗಂಡು ಹಳದಿಗೆ ತಿರುಗುತ್ತದೆ. ಅಲ್ಲಿನದೇ ಔರಾಟಸ್ ಗಂಡಂತೂ ಹಳದಿ ಮೈಯ ಕಪ್ಪು ಪಟ್ಟೆಗಳನ್ನು ಫೋಟೋ ನೆಗೆಟಿವ್‌ನಂತೆ ತಿರುವುಮುರುವು ಮಾಡಿಕೊಳ್ಳುತ್ತದೆ.

ಹಾಗಾದರೆ ಎಣಿಸುವುದು ಏನನ್ನು? ಮಧ್ಯ, ದಕ್ಷಿಣ ಅಮೆರಿಕದ ಸಿಕ್ಲಿಡ್‌ಗಳಲ್ಲಿ ನನ್ನ ಮೊದಲ ಆಯ್ಕೆ ಗುದ ರೆಕ್ಕೆ, ಅಂದರೆ ಹೊಟ್ಟೆಯಡಿ ಬಾಲಕ್ಕೆ ಹತ್ತಿರ ಇರುವ ಒಂಟಿ ರೆಕ್ಕೆ. ಜ್ಯಾಕ್ ಡೆಂಪ್ಸಿ, ಗ್ರೀನ್ ಟೆರರ್, ಬ್ಲೂ ಅಕಾರಾ ಮರಿಗಳನ್ನು ಒಂದೇ ತೊಟ್ಟಿಯಲ್ಲಿ ಬಿಟ್ಟರೆ ಮೂರೂ ಮಸುಕು ಮೈ, ಮೂರಕ್ಕೂ ಪಕ್ಕೆಯ ನಡುವೆ ಒಂದು ಕಪ್ಪು ಮಚ್ಚೆ. ಮೀನು ಗಾಜಿಗೆ ಅಡ್ಡಲಾಗಿ ನಿಂತಾಗ ಒಂದು ಫೋಟೋ ತೆಗೆದು ಹಿಗ್ಗಿಸಿ ನೋಡಿ. ಗುದ ರೆಕ್ಕೆಯ ಮುಂಭಾಗದಲ್ಲಿ ಕವಲೊಡೆಯದ, ಸೂಜಿಯಂಥ ಗಟ್ಟಿ ಮುಳ್ಳುಗಳಿರುತ್ತವೆ. ಅವುಗಳ ಹಿಂದೆ ತುದಿ ಸೀಳಿದ ಮೆದು ಕಡ್ಡಿಗಳು. ಗ್ರೀನ್ ಟೆರರ್‌ಗೂ ಬ್ಲೂ ಅಕಾರಾಕ್ಕೂ ಮುಳ್ಳು ಮೂರೇ. ಡೆಂಪ್ಸಿಗೆ ಏಳೆಂಟರ ಆಸುಪಾಸು. ಡೆಂಪ್ಸಿಯ ತವರಾದ ಮಧ್ಯ ಅಮೆರಿಕದ ಸಿಕ್ಲಿಡ್‌ಗಳಲ್ಲಿ ಹೆಚ್ಚಿನವಕ್ಕೆ ಮೂರಕ್ಕಿಂತ ಜಾಸ್ತಿ ಮುಳ್ಳು, ಹಾಗಾಗಿ ಈ ಒಂದು ಲೆಕ್ಕದಲ್ಲೇ ಡೆಂಪ್ಸಿ ಬೇರೆಯಾಗುತ್ತದೆ. ಉಳಿದೆರಡನ್ನು ಬಿಡಿಸಲು ಸ್ವಲ್ಪ ಕಾಯಬೇಕು. ಬೆಳೆಯುತ್ತ ಗ್ರೀನ್ ಟೆರರ್‌ನ ಬೆನ್ನು, ಬಾಲದ ರೆಕ್ಕೆಗಳಿಗೆ ಬಿಳಿಯದೋ ಕಿತ್ತಳೆಯದೋ ಅಗಲ ಅಂಚು ಕಟ್ಟಿಕೊಳ್ಳುತ್ತದೆ. (ಡೆಂಪ್ಸಿಯ ವೈಜ್ಞಾನಿಕ ಹೆಸರಿನಲ್ಲಿರುವ ‘ಆಕ್ಟೊಫ್ಯಾಸಿಯಾಟಾ’ ಅಂದರೆ ಎಂಟು ಪಟ್ಟೆಯದು. ಆ ಎಂಟನ್ನೂ ಒಟ್ಟಿಗೆ ತೋರಿಸುವ ಮನಸ್ಸು ಮೀನಿಗೆ ಬರುವುದು ಅಪರೂಪ. 1919ರಿಂದ 1926ರವರೆಗೆ ಹೆವಿವೇಟ್ ಚಾಂಪಿಯನ್ ಆಗಿದ್ದ ಬಾಕ್ಸರ್‌ನ ಹೆಸರು ಅದಕ್ಕೆ ಯಾಕೆ ಬಂತು ಅನ್ನುವುದು ಮಾತ್ರ ಸಾಕಿದ ವಾರದಲ್ಲೇ ತಿಳಿಯುತ್ತದೆ.)

ಪಟ್ಟೆ ಎಣಿಸುವುದನ್ನು ನಾನು ಕಲಿತದ್ದು ಮೋಸ ಹೋಗಿ. ಟಾಂಗನೀಕಾದ ದೊಡ್ಡ ಸಿಕ್ಲಿಡ್ ಫ್ರಂಟೋಸಾ ಎಂದು ನಾಲ್ಕು ಮರಿ ತಂದೆ. ಬಿಳಿ ಮೈ, ಕಪ್ಪು ಅಡ್ಡಪಟ್ಟೆ, ರೆಕ್ಕೆಯಂಚಿಗೆ ನೀಲಿ. ಅನುಮಾನಕ್ಕೆ ಎಡೆಯೇ ಇರಲಿಲ್ಲ. ಫ್ರಂಟೋಸಾ ಸೋಮಾರಿ, ಗಂಭೀರ ಮೀನು. ನನ್ನವು ಎರಡೇ ತಿಂಗಳಲ್ಲಿ ಒಂದರ ರೆಕ್ಕೆ ಒಂದು ಹರಿಯತೊಡಗಿದವು. ಆಮೇಲೆ ಬುದ್ಧಿ ಬಂದು ತಲೆಯಿಂದ ಬಾಲದ ಬುಡದವರೆಗೆ ಪಟ್ಟೆ ಎಣಿಸಿದೆ: ಐದು. ಇನ್ನೊಂದು ಮೀನು: ಐದು. ಫ್ರಂಟೋಸಾಗೆ ಆರಿರಬೇಕು, ಸರೋವರದ ದಡದ ಕಿಗೋಮಾ ಊರಿನ ಕಡೆಯದಾದರೆ ಏಳು. ಐದು ಪಟ್ಟೆಯದು ನಿಯೊಲ್ಯಾಂಪ್ರೊಲೋಗಸ್ ಟ್ರೆಟೊಸೆಫಾಲಸ್, ಅದೇ ಟಾಂಗನೀಕಾದ್ದು, ಹದಿನೈದು ಸೆಂಟಿಮೀಟರಿಗೆ ನಿಲ್ಲುವ ಮಹಾ ಜಗಳಗಂಟ. ಫ್ರಂಟೋಸಾ ಅದರ ಎರಡರಷ್ಟು ಬೆಳೆಯುತ್ತದೆ. ಆರು ಪಟ್ಟೆ ಕಂಡೊಡನೆ ನೆಮ್ಮದಿ ಪಡುವ ಹಾಗೂ ಇಲ್ಲ, ಯಾಕೆಂದರೆ ಟ್ರೆಟೊಸೆಫಾಲಸ್‌ನ ದಾಯಾದಿ ಸೆಕ್ಸ್‌ಫ್ಯಾಸಿಯಾಟಸ್‌ಗೂ ಆರೇ.

ಕೆಲವೊಮ್ಮೆ ಹೆಸರೇ ಸುಳಿವು ಕೊಡುತ್ತದೆ. ಆಲ್ಟೊಲ್ಯಾಂಪ್ರೊಲೋಗಸ್ ಕುಲದ ಕ್ಯಾಲ್ವಸ್, ಕಂಪ್ರೆಸಿಸೆಪ್ಸ್ ಎರಡೂ ಆಮೆವೇಗದಲ್ಲಿ ಬೆಳೆಯುವ ಮೀನುಗಳು. ಗೊಂದಲವೂ ಅಷ್ಟೇ ದೀರ್ಘ. ಲ್ಯಾಟಿನ್ನಿನಲ್ಲಿ ‘ಕ್ಯಾಲ್ವಸ್’ ಅಂದರೆ ಬೋಳು. ಹಣೆಯ ಮೇಲೆ ಹುರುಪೆ ಇಲ್ಲದ್ದು, ಮೈ ಸ್ವಲ್ಪ ನೀಳವಾದದ್ದು ಅದೇ. ಟಾಂಗನೀಕಾದ್ದೇ ಆದ ಬ್ರಿಚಾರ್ಡಿ, ಪುಲ್ಚರ್ ಮರಿಗಳಲ್ಲಾದರೆ ಕಿವಿರಿನ ಮುಚ್ಚಳ ನೋಡಬೇಕು: ಕಣ್ಣಿನ ಹಿಂದೆ ‘ಟಿ’ ಆಕಾರದ ಗುರುತಿದ್ದರೆ ಬ್ರಿಚಾರ್ಡಿ, ಎರಡು ನಿಂತ ಬಾಗುಗೆರೆಗಳಿದ್ದರೆ ಪುಲ್ಚರ್. ಇವೆರಡೂ ಒಂದೇ ಜಾತಿ ಅನ್ನುವ ಸಂಶೋಧಕರೂ ಇದ್ದಾರೆ, ಆ ಜಗಳ ಅವರಿಗಿರಲಿ.

ಕಪ್ಪು ಗುರುತುಗಳನ್ನು ನೋಡುವಾಗ ಒಂದು ಎಚ್ಚರ. ಅವು ಗಾಢವಾಗುವುದು, ಮಸುಕಾಗುವುದು ಮೀನಿನ ಮನಸ್ಥಿತಿಯ ಮೇಲೆ. ಹೆದರಿದ ಮರಿಯ ಮೈಮೇಲೆ ಕ್ಷಣಮಾತ್ರದಲ್ಲಿ ಪಟ್ಟೆ ಏಳುತ್ತದೆ, ಮತ್ತೆ ಅಳಿಯುತ್ತದೆ. ಅಂಗಡಿಯಿಂದ ತಂದ ಪ್ಲಾಸ್ಟಿಕ್ ಚೀಲದಲ್ಲಿರುವಾಗ ಕಂಡದ್ದನ್ನು ನಂಬದೆ, ತೊಟ್ಟಿಯಲ್ಲಿ ಎರಡು ದಿನ ತಂಗಿದ ಮೇಲೆ ನೋಡಬೇಕು. ಆದರೆ ಗುರುತು ಇರುವ ಜಾಗ ಬದಲಾಗುವುದಿಲ್ಲ. 1989ರಲ್ಲಿ ಮೀನು ವಿಜ್ಞಾನಿಗಳಾದ ಡೇವಿಡ್ ಎಕ್ಲ್ಸ್ ಮತ್ತು ಎಥೆಲ್ವಿನ್ ಟ್ರೆವಾವಾಸ್ ಅದುವರೆಗೆ ಹ್ಯಾಪ್ಲೊಕ್ರೋಮಿಸ್ ಅನ್ನುವ ಒಂದೇ ಕುಲದಲ್ಲಿದ್ದ ಮಲಾವಿಯ ಮೀನುಗಳನ್ನು ಹಲವು ಕುಲಗಳಾಗಿ ಹಂಚಿದಾಗ ನೆಚ್ಚಿಕೊಂಡದ್ದು ಬಹುಮಟ್ಟಿಗೆ ಈ ಕಪ್ಪು ವಿನ್ಯಾಸವನ್ನೇ: ಅಡ್ಡಪಟ್ಟೆಯೋ, ಓರೆ ಗೆರೆಯೋ, ಬಿಡಿ ಮಚ್ಚೆಯೋ ಎಂದು. ಗಂಡಿಗೆ ನೀಲಿ ಏರಿದ ಮೇಲೆ ಇದೆಲ್ಲ ಮುಚ್ಚಿಹೋಗುತ್ತದೆ. ಹೀಗೆ ನೋಡಿದರೆ ಬೆಳೆದ ಗಂಡಿಗಿಂತ ಮರಿಯೇ ಹೆಚ್ಚು ಪ್ರಾಮಾಣಿಕ.

ಕಣ್ಣಿನ ಗಾತ್ರ, ಹಣೆಯ ಉಬ್ಬು, ರೆಕ್ಕೆಯ ಉದ್ದ ತುದಿ ಇವನ್ನು ಮರಿಯಲ್ಲಿ ಲೆಕ್ಕಕ್ಕೇ ತರಬೇಡಿ. ಎಲ್ಲ ಮರಿಗೂ ಕಣ್ಣು ದೊಡ್ಡದು, ಉಬ್ಬು ಬರುವುದು ವಯಸ್ಸಾದ ಮೇಲೆ. ಎರಡಿಂಚಿನ ಪೀಕಾಕ್ (ಮಲಾವಿಯ ಆಲೊನೊಕಾರಾ ಕುಲದ ಸಿಕ್ಲಿಡ್) ಮರಿ ಗಂಡಿನ ಪೂರ್ತಿ ಬಣ್ಣ ಹೊತ್ತು ನಿಂತಿದ್ದರೂ ಖುಷಿಪಡಬೇಡಿ. ಹಾರ್ಮೋನ್ ಬೆರೆಸಿದ ಆಹಾರ ತಿನ್ನಿಸಿ ಹಾಗೆ ಮಾಡುವುದುಂಟು.

ಪೀಕಾಕ್‌ಗಳ ವಿಷಯದಲ್ಲಿ ಎಣಿಕೆಯೂ ಕೈಕೊಡುತ್ತದೆ. ಆಲೊನೊಕಾರಾ ಕುಲದ ಹೆಣ್ಣುಗಳೂ ಮರಿಗಳೂ ಜಾತಿ ಯಾವುದಾದರೂ ಬೂದುಗಂದು ಮೈ, ಮಸುಕು ಅಡ್ಡಪಟ್ಟೆ. ಮೇಲಾಗಿ ತೊಟ್ಟಿಯಲ್ಲಿ ಒಂದರೊಡನೊಂದು ಸುಲಭವಾಗಿ ಕೂಡುತ್ತವೆ. ತಂದೆತಾಯಿ ಯಾರೆಂದು ತಿಳಿಯದ ಅಂಥ ಮರಿಗೆ ನನ್ನ ನೋಟ್‌ಬುಕ್ಕಿನಲ್ಲಿ ‘ಆಲೊನೊಕಾರಾ, ಜಾತಿ ಗೊತ್ತಿಲ್ಲ’ ಎಂದು ಬರೆದಿಡುತ್ತೇನೆ. ಗಂಡಾಗಿ ಬಣ್ಣ ಬಂದ ಎಷ್ಟೋ ಮೀನುಗಳ ಮುಂದೆಯೂ ಆ ಸಾಲು ಹಾಗೇ ಉಳಿದಿದೆ.